ಫಲಿತಾಂಶ ಬಂದು 24 ದಿನ: ಹೈಕೋರ್ಟಿಗೆ ಹೋಗಲು ಇನ್ನು ಉಳಿದಿರುವುದೇನು?

ಪ್ರಶ್ನೆ: ವಿಧಾನಸಭಾ ಉಪಚುನಾವಣೆಯಲ್ಲಿ ನಮ್ಮ ಚಿಕ್ಕಪ್ಪ 312 ಮತಗಳಿಂದ ಸೋತರು. 190 ಅಂಚೆ ಮತಗಳನ್ನು ತಿರಸ್ಕರಿಸಿದ್ದಾರೆ. ಎರಡು ಮತಗಟ್ಟೆಗಳಲ್ಲಿ ನಮ್ಮ ಏಜೆಂಟರ ಬಳಿ ಇರುವ 17ಸಿ ನಮೂನೆಗೂ (ಮತಗಟ್ಟೆಯಲ್ಲಿ ದಾಖಲಾದ ಮತಗಳ ಲೆಕ್ಕಪತ್ರ) ಎಣಿಕೆಯ ದಿನ ಓದಿದ ಸಂಖ್ಯೆಗೂ ಒಟ್ಟು 41 ಮತಗಳ ವ್ಯತ್ಯಾಸವಿದೆ. ಗೆದ್ದವರು ಪತ್ನಿಯ ಹೆಸರಿನ ನಿವೇಶನ ಮತ್ತು ಜಮೀನನ್ನು ಅಫಿಡವಿಟ್‌ನಲ್ಲಿ ತೋರಿಸಿಲ್ಲ. ಹಣ ಹಂಚುವ ವಿಡಿಯೊ ಒಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಚುನಾವಣಾ ಆಯೋಗಕ್ಕೆ ದೂರು ಕೊಟ್ಟು ಉತ್ತರಕ್ಕೆ ಕಾಯುತ್ತಿದ್ದೇವೆ. ಫಲಿತಾಂಶ ಬಂದು 24 ದಿನವಾಯಿತು. ರಿಟ್ ಅರ್ಜಿ ಹಾಕಿ ಎಂದು ಒಬ್ಬರು, ಮರುಎಣಿಕೆ ಕೇಳಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಚಿಕ್ಕಪ್ಪನವರಿಗೆ ಆರೋಗ್ಯ ಸರಿಯಿಲ್ಲ. ನಾನೇ ಅರ್ಜಿ ಸಲ್ಲಿಸಬಹುದೇ? ನನ್ನ ಹೆಸರು ಊರಿನ ಮತದಾರರ ಪಟ್ಟಿಯಲ್ಲಿದೆ, ಆದರೆ ಈ ಸಲ ಮತ ಹಾಕಲು ಹೋಗಲಾಗಲಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗೂ ಇದೇ ನಿಯಮವೇ?

ಉತ್ತರ: ಮೊದಲು ಆಯೋಗದ ಉತ್ತರಕ್ಕಾಗಿ ಕಾಯುವುದನ್ನು ನಿಲ್ಲಿಸಿ. ಫಲಿತಾಂಶ ಘೋಷಣೆಯಾಗಿ, ಗೆದ್ದವರ ಕೈಗೆ ಪ್ರಮಾಣಪತ್ರ ಸೇರಿದ ಮೇಲೆ ಆ ಫಲಿತಾಂಶವನ್ನು ಬದಲಿಸುವ ಅಧಿಕಾರ ಆಯೋಗಕ್ಕೂ ಇಲ್ಲ, ಚುನಾವಣಾಧಿಕಾರಿಗೂ ಇಲ್ಲ. ನಿಮ್ಮ ದೂರಿಗೆ ಅವರು ಎಷ್ಟೇ ಸೌಜನ್ಯದ ಉತ್ತರ ಬರೆದರೂ ಅದರಿಂದ ಒಂದು ಮತವೂ ಆಚೀಚೆ ಆಗುವುದಿಲ್ಲ. ಈ ನಡುವೆ ಕಾಲಮಿತಿ ಮಾತ್ರ ಓಡುತ್ತಲೇ ಇರುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದ ಸಂಖ್ಯೆ 312 ಅಲ್ಲ, 24.

ರಿಟ್ ಅರ್ಜಿಯ ಸಲಹೆಯನ್ನೂ ಬದಿಗಿಡಿ. ಸಂವಿಧಾನದ 329(ಬಿ) ವಿಧಿ ಬಾಗಿಲನ್ನು ಪೂರ್ತಿ ಮುಚ್ಚಿ ಒಂದೇ ಒಂದು ಕಿಂಡಿಯನ್ನು ತೆರೆದಿಟ್ಟಿದೆ: ಲೋಕಸಭೆ ಅಥವಾ ವಿಧಾನಸಭೆಯ ಚುನಾವಣೆಯನ್ನು ಚುನಾವಣಾ ತಕರಾರು ಅರ್ಜಿಯ ಮೂಲಕ ಹೊರತು ಬೇರೆ ಯಾವ ರೀತಿಯಲ್ಲೂ ಪ್ರಶ್ನಿಸುವಂತಿಲ್ಲ. ಮೊದಲ ಸಾರ್ವತ್ರಿಕ ಚುನಾವಣೆಯ ಹೊತ್ತಿನಲ್ಲೇ ನಾಮಕ್ಕಲ್‌ನ ಪೊನ್ನುಸ್ವಾಮಿ ಎಂಬವರ ನಾಮಪತ್ರ ತಿರಸ್ಕೃತವಾಗಿ, ಅವರು ರಿಟ್ ಹಿಡಿದು ಸುಪ್ರೀಂ ಕೋರ್ಟ್ ತನಕ ಹೋದರು. ಅಧಿಸೂಚನೆಯಿಂದ ಫಲಿತಾಂಶದವರೆಗಿನ ಇಡೀ ಪ್ರಕ್ರಿಯೆಯೇ ಚುನಾವಣೆ, ತಕರಾರು ಏನಿದ್ದರೂ ಎಲ್ಲ ಮುಗಿದ ಮೇಲೆ ಅರ್ಜಿಯ ರೂಪದಲ್ಲಿ ಬರಲಿ ಎಂದು 1952ರಲ್ಲಿ ಆರು ನ್ಯಾಯಮೂರ್ತಿಗಳ ಪೀಠ ಹೇಳಿತು. ಅಂದಿನಿಂದ ಇಂದಿನವರೆಗೆ ಆ ನಿಲುವು ಅಲುಗಾಡಿಲ್ಲ. ಹಾಗಿದ್ದೂ ಪ್ರತಿ ಚುನಾವಣೆಯ ನಂತರ ರಿಟ್ ಹಾಕಿ ದಿನ ಕಳೆಯುವವರಿಗೆ ಕೊರತೆಯಿಲ್ಲ.

1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 81ನೇ ಸೆಕ್ಷನ್ ಪ್ರಕಾರ ಗೆದ್ದ ಅಭ್ಯರ್ಥಿ ಆಯ್ಕೆಯಾದ ದಿನಾಂಕದಿಂದ 45 ದಿನಗಳೊಳಗೆ ಅರ್ಜಿ ಹೈಕೋರ್ಟಿಗೆ ಸಲ್ಲಿಕೆಯಾಗಬೇಕು. ಬೇರೆ ದಾವೆಗಳಲ್ಲಿ ವಿಳಂಬವಾದರೆ ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ ಅಡಿಯಲ್ಲಿ ಕಾರಣ ವಿವರಿಸಿ ಮನ್ನಿಸಿ ಎಂದು ಕೇಳಿಕೊಳ್ಳುವುದು ವಾಡಿಕೆ. ಇಲ್ಲಿ ಅದು ನಡೆಯುವುದಿಲ್ಲ. ಹುಕುಂದೇವ್ ನಾರಾಯಣ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಇದನ್ನು ಖಚಿತಪಡಿಸಿತು. ಕಾಯಿಲೆ, ಅಪಘಾತ, ವಕೀಲರು ಊರಲ್ಲಿರಲಿಲ್ಲ, ದಾಖಲೆ ಸಿಗಲಿಲ್ಲ ಎಂಬ ಯಾವ ಕಾರಣವೂ ನಿಲ್ಲುವುದಿಲ್ಲ. ನಿಮಗೆ ಉಳಿದಿರುವುದು 21 ದಿನ. ಅದರಲ್ಲಿ 45ನೇ ದಿನವನ್ನು ಲೆಕ್ಕಕ್ಕೇ ಹಿಡಿಯಬೇಡಿ. ನಲವತ್ತರೊಳಗೆ ಸಲ್ಲಿಸಿದರೆ, ರಿಜಿಸ್ಟ್ರಿಯವರು ಕೊರತೆ ತೋರಿಸಿದಾಗ ಸರಿಪಡಿಸಲು ಒಂದೆರಡು ದಿನವಾದರೂ ಕೈಯಲ್ಲಿರುತ್ತವೆ. ನ್ಯಾಯಾಲಯಕ್ಕೆ ರಜೆ ಎಂಬ ಧೈರ್ಯದ ಮೇಲೆ ಕೂರುವುದೂ ಬೇಡ. ಕಚೇರಿ ತೆರೆದಿರುವ ದಿನವೆಲ್ಲ ನಿಮ್ಮ ವಿರುದ್ಧ ಎಣಿಕೆಯಾಗುತ್ತದೆ ಎಂದುಕೊಂಡೇ ನಡೆಯಿರಿ.

ಇಷ್ಟು ನಿಷ್ಠುರ ಏಕೆ ಎಂದರೆ, ಫಲಿತಾಂಶ ಪ್ರಶ್ನಿಸುವುದು ಆಸ್ತಿಯ ಹಕ್ಕಿನಂತೆ ಹುಟ್ಟಿನಿಂದ ಬಂದ ಹಕ್ಕಲ್ಲ, ಕಾಯ್ದೆ ಕೊಟ್ಟ ಹಕ್ಕು. ಕಾಯ್ದೆ ಹೇಳಿದ ಮೆಟ್ಟಿಲುಗಳನ್ನು ಹೇಳಿದ ಕ್ರಮದಲ್ಲೇ ಹತ್ತಬೇಕು. 86(1)ನೇ ಸೆಕ್ಷನ್ ನೋಡಿ: 81, 82 ಮತ್ತು 117ನೇ ಸೆಕ್ಷನ್‌ಗಳನ್ನು ಪಾಲಿಸದ ಅರ್ಜಿಯನ್ನು ಹೈಕೋರ್ಟ್ ವಜಾ ಮಾಡತಕ್ಕದ್ದು ಎಂದಿದೆ. ‘ಮಾಡಬಹುದು’ ಅಲ್ಲ. ನ್ಯಾಯಮೂರ್ತಿಗಳಿಗೆ ನಿಮ್ಮ ಮೇಲೆ ಎಷ್ಟೇ ಅನುಕಂಪವಿದ್ದರೂ ಆ ಮೂರು ಸೆಕ್ಷನ್‌ಗಳಲ್ಲಿ ಎಡವಿದರೆ ಪ್ರಕರಣದ ಹೂರಣವನ್ನು ಯಾರೂ ಮುಟ್ಟಿ ನೋಡುವುದಿಲ್ಲ.

ಈ ಮೂರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 81ನೇ ಸೆಕ್ಷನ್ ಅರ್ಜಿದಾರ ಯಾರು ಎಂಬುದನ್ನೂ ಹೇಳುತ್ತದೆ: ಆ ಚುನಾವಣೆಯ ಯಾವುದೇ ಅಭ್ಯರ್ಥಿ ಅಥವಾ ಆ ಕ್ಷೇತ್ರದ ಯಾವುದೇ ಮತದಾರ. ಮತದಾರ ಎಂದರೆ ಮತ ಹಾಕುವ ಹಕ್ಕಿದ್ದವರು. ಹಾಕಿದರೋ ಬಿಟ್ಟರೋ ಎಂಬುದು ಮುಖ್ಯವಲ್ಲ ಎಂದು ಸೆಕ್ಷನ್‌ನ ವಿವರಣೆಯೇ ಸ್ಪಷ್ಟಪಡಿಸಿದೆ. ಹಾಗಾಗಿ ನೀವು ಅರ್ಜಿ ಸಲ್ಲಿಸಬಹುದು. ಈ ಉಪಚುನಾವಣೆಗೆ ಬಳಸಿದ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಪುಟದ ದೃಢೀಕೃತ ಪ್ರತಿಯನ್ನು ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ.

ಆದರೆ ಸಹಿ ಹಾಕಿ ವಕೀಲರ ಕೈಗೆ ಕೊಟ್ಟು ಕೆಲಸಕ್ಕೆ ಹೋಗುವಂತಿಲ್ಲ. ಅರ್ಜಿಯನ್ನು ಅರ್ಜಿದಾರರೇ ಖುದ್ದಾಗಿ ಸಲ್ಲಿಸಬೇಕು. ಕರ್ನಾಟಕದಿಂದಲೇ ಹೋದ ಜಿ.ವಿ. ಶ್ರೀರಾಮರೆಡ್ಡಿ ಪ್ರಕರಣದಲ್ಲಿ ಅರ್ಜಿದಾರರ ಗೈರುಹಾಜರಿಯಲ್ಲಿ ವಕೀಲರು ಅರ್ಜಿ ಕೊಟ್ಟಿದ್ದರು. ಅದು ಸಲ್ಲಿಕೆಯೇ ಅಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಕೀಲರು ಪಕ್ಕದಲ್ಲಿರಲಿ, ಕಟ್ಟು ಅವರ ಕೈಯಲ್ಲೇ ಇರಲಿ, ಆದರೆ ರಿಜಿಸ್ಟ್ರಿಯ ಮುಂದೆ ನೀವು ನಿಂತಿರಬೇಕು, ನೀವು ನಿಂತಿದ್ದಿರಿ ಎಂಬುದು ದಾಖಲಾಗಬೇಕು. ಚಿಕ್ಕಪ್ಪನವರಿಗೆ ಓಡಾಟ ಕಷ್ಟ ಎಂದಾದರೆ ನೀವು ಅರ್ಜಿದಾರರಾಗುವುದೇ ಮೇಲು ಎನ್ನಲು ಇದೂ ಒಂದು ಕಾರಣ.

ಪ್ರತಿಗಳ ವಿಷಯದಲ್ಲೂ ಇದೇ ಕಟ್ಟುನಿಟ್ಟು. ಎಷ್ಟು ಪ್ರತಿವಾದಿಗಳೋ ಅಷ್ಟು ಪ್ರತಿ ಅರ್ಜಿಯ ಜೊತೆಗೇ ಹೋಗಬೇಕು. ಪ್ರತಿಯೊಂದರ ಮೇಲೂ ಇದು ಮೂಲದ ನಿಜಪ್ರತಿ ಎಂದು ಅರ್ಜಿದಾರರೇ ಸ್ವಂತ ಸಹಿಯೊಂದಿಗೆ ದೃಢೀಕರಿಸಬೇಕು. ವಕೀಲರ ಸಹಿ ಇಲ್ಲಿ ಸಾಲುವುದಿಲ್ಲ. ಪ್ರತಿಯಲ್ಲಿ ಪುಟವೊಂದು ಬಿಟ್ಟುಹೋಗಿ ಎದುರಾಳಿಗೆ ದಾರಿ ತಪ್ಪುವಂತಾದರೆ ಅದೇ ಅವರ ಮೊದಲ ಆಯುಧವಾಗುತ್ತದೆ. ಜೆರಾಕ್ಸ್ ಅಂಗಡಿಯಿಂದ ಬಂದ ಪ್ರತಿ ಕಟ್ಟನ್ನೂ ಪುಟ ಪುಟ ತಿರುವಿ ನೋಡಲು ಒಂದು ಇಡೀ ದಿನ ಮೀಸಲಿಡಿ ಎಂದು ನಾನು ಕಕ್ಷಿದಾರರಿಗೆ ಹೇಳುತ್ತೇನೆ. ಮೊದಲು ನಗುತ್ತಾರೆ, ಆಮೇಲೆ ಕೂತು ತಿರುವುತ್ತಾರೆ.

82ನೇ ಸೆಕ್ಷನ್ ಯಾರನ್ನು ಪ್ರತಿವಾದಿ ಮಾಡಬೇಕು ಎಂಬುದನ್ನು ಹೇಳುತ್ತದೆ. ಗೆದ್ದವರ ಆಯ್ಕೆ ಅಸಿಂಧು ಎಂದಷ್ಟೇ ಕೇಳಿದರೆ ಗೆದ್ದವರು ಸಾಕು. ಚಿಕ್ಕಪ್ಪನವರನ್ನು ವಿಜೇತರೆಂದು ಘೋಷಿಸಿ ಎಂದೂ ಕೇಳಿದರೆ ಕಣದಲ್ಲಿದ್ದ ಎಲ್ಲ ಅಭ್ಯರ್ಥಿಗಳೂ ಬರಬೇಕು, ಇನ್ನೂರು ಮತ ಪಡೆದ ಪಕ್ಷೇತರರೂ ಸೇರಿದಂತೆ. ಇನ್ನೊಂದು ಎಚ್ಚರ: ಅರ್ಜಿಯ ಯಾವ ಪ್ಯಾರಾದಲ್ಲಾದರೂ ಬೇರೊಬ್ಬ ಅಭ್ಯರ್ಥಿಯ ಮೇಲೆ ಭ್ರಷ್ಟ ಆಚರಣೆಯ (ಲಂಚದಂಥ, ಕಾಯ್ದೆ ಹೆಸರಿಸಿದ ಅಕ್ರಮದ) ಆರೋಪ ಬಂದರೆ ಅವರೂ ಪ್ರತಿವಾದಿಯಾಗಿರಲೇಬೇಕು. ನಾಮಪತ್ರ ಹಿಂತೆಗೆದುಕೊಂಡವರಿಗೂ ಇದು ಅನ್ವಯಿಸುತ್ತದೆ. ‘ಇಂಥ ಪಕ್ಷೇತರರು ಹಣ ಪಡೆದು ಕಣದಿಂದ ಸರಿದರು’ ಎಂದು ಸಿಟ್ಟಿನಲ್ಲಿ ಒಂದು ಸಾಲು ಬರೆದು ಅವರನ್ನು ಸೇರಿಸದೆ ಬಿಟ್ಟರೆ ಅರ್ಜಿಗೆ ಅಲ್ಲೇ ಮಂಗಳ. ಹಾಗೆಂದು ಸಿಕ್ಕವರನ್ನೆಲ್ಲ ಸೇರಿಸಲೂ ಬಾರದು. ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಮುಖ್ಯಮಂತ್ರಿ ಜ್ಯೋತಿ ಬಸು ಅವರನ್ನೇ ಪ್ರತಿವಾದಿ ಮಾಡಿದ್ದರು. ಅಭ್ಯರ್ಥಿಯಲ್ಲದವರಿಗೆ ಇಲ್ಲಿ ಜಾಗವಿಲ್ಲ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಅವರ ಹೆಸರನ್ನು ತೆಗೆಸಿತು.

117ನೇ ಸೆಕ್ಷನ್ ಕೇಳುವುದು ಎರಡು ಸಾವಿರ ರೂಪಾಯಿ ಠೇವಣಿ. ಇಂದಿಗೂ ಅಷ್ಟೇ. ಚುನಾವಣೆಗೆ ಕೋಟಿಗಳಲ್ಲಿ ಲೆಕ್ಕ ಕೇಳಿಬರುವ ಕಾಲದಲ್ಲಿ ಇದು ತಮಾಷೆಯಂತೆ ಕಾಣಬಹುದು. ಆದರೆ ಅರ್ಜಿಯೊಂದಿಗೇ ಆ ಹಣ ಹೈಕೋರ್ಟಿನಲ್ಲಿ ಜಮೆಯಾಗಿ ರಸೀದಿ ಇರಬೇಕು. ತಪ್ಪಿದರೆ ವಿನಾಯಿತಿ ಕೊಡುವ ಅಧಿಕಾರ ನ್ಯಾಯಾಲಯಕ್ಕೂ ಇಲ್ಲ.

83ನೇ ಸೆಕ್ಷನ್ ಈ ವಜಾ ಪಟ್ಟಿಯಲ್ಲಿಲ್ಲ ಎಂಬುದು ಸಣ್ಣ ಸಮಾಧಾನ. ಅರ್ಜಿಯಲ್ಲಿ ಏನು ಬರೆಯಬೇಕು, ಹೇಗೆ ಸತ್ಯಾಪಿಸಬೇಕು, ಭ್ರಷ್ಟ ಆಚರಣೆಯ ಆರೋಪವಿದ್ದರೆ 25ನೇ ನಮೂನೆಯಲ್ಲಿ ಅಫಿಡವಿಟ್ ಹೇಗೆ ಕೊಡಬೇಕು ಎಂಬುದೆಲ್ಲ ಅದರಲ್ಲಿದೆ. ದಾವಣಗೆರೆಯ ಸಂಸದರಾಗಿದ್ದ ಜಿ.ಎಂ. ಸಿದ್ದೇಶ್ವರ ಅವರ ಪ್ರಕರಣದಲ್ಲಿ ಇಂಥ ಅಫಿಡವಿಟ್‌ನ ದೋಷವನ್ನು ಸರಿಪಡಿಸಿಕೊಳ್ಳಬಹುದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಮೂಲ ಸಂಗತಿಯೇ ಅರ್ಜಿಯಲ್ಲಿ ಇಲ್ಲದಿದ್ದರೆ ಆ ರಿಯಾಯಿತಿ ಸಿಗುವುದಿಲ್ಲ. ಗೆದ್ದವರ ಕಡೆಯ ವಕೀಲರು ಹಾಕುವ ಮೊದಲ ಅರ್ಜಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶ, 11ನೇ ನಿಯಮದ್ದು: ‘ಇದರಲ್ಲಿ ದಾವೆಗೆ ಕಾರಣವೇ ಇಲ್ಲ, ತಿರಸ್ಕರಿಸಿ’. ಬಹಳಷ್ಟು ತಕರಾರು ಅರ್ಜಿಗಳು ಸಾಕ್ಷಿ ವಿಚಾರಣೆಯ ತನಕ ಹೋಗದೆ ಇಲ್ಲೇ ಮುಗಿಯುತ್ತವೆ. 45 ದಿನ ಕಳೆದ ಮೇಲೆ ಹೊಸ ಆರೋಪವನ್ನು ತಿದ್ದುಪಡಿಯ ಹೆಸರಿನಲ್ಲಿ ತೂರಿಸಲೂ ಆಗುವುದಿಲ್ಲ.

ಇನ್ನು ನಿಮ್ಮ ಆರೋಪಗಳಿಗೆ ಬರುತ್ತೇನೆ. ಮುಜುಗರವಾದರೂ ಹೇಳಬೇಕು: ನೀವು ಎಲ್ಲಕ್ಕಿಂತ ಹೆಚ್ಚು ನಂಬಿರುವ ಅಂಚೆ ಮತಗಳ ವಿಷಯವೇ ಎಲ್ಲಕ್ಕಿಂತ ದುರ್ಬಲ.

100ನೇ ಸೆಕ್ಷನ್ ಚುನಾವಣೆಯನ್ನು ಅಸಿಂಧುಗೊಳಿಸುವ ಕಾರಣಗಳನ್ನು ಎರಡು ಗುಂಪು ಮಾಡಿದೆ. ಮತವನ್ನು ತಪ್ಪಾಗಿ ಸ್ವೀಕರಿಸಿದ್ದು, ತಪ್ಪಾಗಿ ತಿರಸ್ಕರಿಸಿದ್ದು, ನಿಯಮ ಪಾಲಿಸದೇ ಇದ್ದದ್ದು ಇವೆಲ್ಲ ಒಂದು ಗುಂಪು. ಭ್ರಷ್ಟ ಆಚರಣೆಯಂಥವು ಇನ್ನೊಂದು, ಅದಕ್ಕೆ ಮುಂದೆ ಬರುತ್ತೇನೆ. ಮೊದಲ ಗುಂಪಿನಲ್ಲಿ ತಪ್ಪು ನಡೆಯಿತು ಎಂದು ತೋರಿಸಿದರೆ ಸಾಲದು. ಅದರಿಂದ ಗೆದ್ದವರ ಫಲಿತಾಂಶಕ್ಕೇ ಧಕ್ಕೆಯಾಯಿತು ಎಂದು ಸಾಬೀತುಪಡಿಸಬೇಕು. ನಿಮ್ಮ ಲೆಕ್ಕ ಹಾಕೋಣ. ತಿರಸ್ಕೃತವಾದ 190 ಅಂಚೆ ಮತಗಳೂ ಸಿಂಧು ಎಂದೂ, ಒಂದನ್ನೂ ಬಿಡದೆ ಎಲ್ಲವೂ ಚಿಕ್ಕಪ್ಪನವರಿಗೇ ಬಿದ್ದಿದ್ದವು ಎಂದೂ ಇಟ್ಟುಕೊಳ್ಳಿ. 17ಸಿ ವ್ಯತ್ಯಾಸದ 41 ಮತಗಳನ್ನು ಗೆದ್ದವರ ಖಾತೆಯಿಂದ ಕಳೆದು ನಿಮ್ಮ ಖಾತೆಗೇ ಸೇರಿಸಿ. ಆಗ ಅಂತರ 82 ಇಳಿಯುತ್ತದೆ. ಒಟ್ಟು 272. ನೀವು ಸೋತದ್ದು 312ರಿಂದ. ಕೇಳಿದ್ದನ್ನೆಲ್ಲ ನ್ಯಾಯಾಲಯ ಒಪ್ಪಿದರೂ ಗೆದ್ದವರು 40 ಮತಗಳಿಂದ ಗೆದ್ದೇ ಇರುತ್ತಾರೆ. ಈ ಎರಡೇ ಆಧಾರದ ಮೇಲೆ ಅರ್ಜಿ ಹಾಕಿದರೆ ಎದುರಾಳಿ ವಕೀಲರಿಗೆ ಕಾನೂನು ಪುಸ್ತಕವೂ ಬೇಕಿಲ್ಲ, ಕಾಗದ ಪೆನ್ಸಿಲ್ ಸಾಕು.

ಲೆಕ್ಕ ನಿಮ್ಮ ಪರ ಇದ್ದರೂ ಸಾಲದೇ ಹೋಗಬಹುದು. 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ವಶಿಷ್ಠ ನಾರಾಯಣ ಶರ್ಮಾ ಪ್ರಕರಣದಲ್ಲಿ ಗೆಲುವಿನ ಅಂತರ 1,872. ತಪ್ಪಾಗಿ ಸ್ವೀಕೃತವಾದ ನಾಮಪತ್ರದ ಅಭ್ಯರ್ಥಿಗೆ ಬಿದ್ದದ್ದು 1,983 ಮತ, ಅಂದರೆ ಅಂತರಕ್ಕಿಂತ 111 ಹೆಚ್ಚು. ಆ ಮತಗಳು ಎರಡನೇ ಸ್ಥಾನದವರಿಗೇ ಹೋಗುತ್ತಿದ್ದವು ಎನ್ನಲು ಪುರಾವೆ ಎಲ್ಲಿ, ನ್ಯಾಯಾಲಯ ಊಹೆಯ ಮೇಲೆ ನಡೆಯುವುದಿಲ್ಲ ಎಂದು ಹೇಳಿ ಗೆದ್ದವರ ಆಯ್ಕೆಯನ್ನೇ ಎತ್ತಿಹಿಡಿದರು. ಈ ತೀರ್ಪು ಕಠೋರವಾಯಿತು ಎನ್ನುವವರಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಏಳು ದಶಕಗಳಿಂದ ನಡೆದುಕೊಂಡು ಬಂದಿರುವುದು ಅದೇ.

ಮರುಎಣಿಕೆಯ ಸಲಹೆಗೂ ಇದೇ ಉತ್ತರ. ಅಂತರ ಕಡಿಮೆ ಎಂಬುದೊಂದೇ ಮರುಎಣಿಕೆಗೆ ಕಾರಣವಾಗುವುದಿಲ್ಲ. 2023ರಲ್ಲಿ ಜಯನಗರದಲ್ಲಿ ಅಂತರ 16 ಇತ್ತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. ಮತದ ಗೋಪ್ಯತೆಗೆ ಕಾನೂನು ಕೊಡುವ ಬೆಲೆ ದೊಡ್ಡದು. ಪೆಟ್ಟಿಗೆ ತೆರೆದು ನೋಡಿದರೆ ಏನಾದರೂ ಸಿಕ್ಕೀತು ಎಂಬ ಆಸೆಯಿಂದ ಕೇಳಿದರೆ ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ಯಾವ ಮೇಜು, ಯಾವ ಸುತ್ತು, ಯಾವ ಮತಗಟ್ಟೆ, ಎಷ್ಟು ಮತ, ಯಾವ ಕಾರಣಕ್ಕೆ ತಪ್ಪು ಎಂದು ಅರ್ಜಿಯಲ್ಲಿ ಇರಬೇಕು. ಚುನಾವಣಾ ನಿಯಮಾವಳಿಯ 63ನೇ ನಿಯಮದಂತೆ ಫಲಿತಾಂಶ ಘೋಷಿಸುವ ಮುನ್ನವೇ ಚುನಾವಣಾಧಿಕಾರಿಗೆ ಲಿಖಿತವಾಗಿ ಮರುಎಣಿಕೆ ಕೇಳುವ ಅವಕಾಶವಿತ್ತು. ಆಗ ನಿಮ್ಮ ಏಜೆಂಟರು ಬರೆದುಕೊಟ್ಟಿದ್ದಾರೆಯೇ? ಕೂಗಾಡಿದ್ದು ದಾಖಲೆಯಾಗುವುದಿಲ್ಲ. ‘ಅಂದೇ ಯಾಕೆ ಕೇಳಲಿಲ್ಲ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮತಯಂತ್ರದ ಮೆಮೊರಿ ಪರಿಶೀಲನೆಗೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎರಡನೇ ಮತ್ತು ಮೂರನೇ ಸ್ಥಾನದವರಿಗೆ ದಾರಿ ಮಾಡಿಕೊಟ್ಟಿತ್ತು. ಆದರೆ ಫಲಿತಾಂಶದ ನಂತರ ಏಳು ದಿನಗಳೊಳಗೆ ಕೇಳಬೇಕಿತ್ತು. ಅದು ನಿಮ್ಮ ಕೈ ತಪ್ಪಿದೆ.

ಆದರೂ 17ಸಿ ವ್ಯತ್ಯಾಸವನ್ನು ಪೂರ್ತಿ ಬಿಡಬೇಡಿ. ಉಳಿದ ಮತಗಟ್ಟೆಗಳ 17ಸಿಗಳನ್ನೆಲ್ಲ ಏಜೆಂಟರಿಂದ ಒಟ್ಟುಮಾಡಿ, 20ನೇ ನಮೂನೆಯ ಅಂತಿಮ ಫಲಿತಾಂಶ ಪಟ್ಟಿಯೊಂದಿಗೆ ಸಾಲು ಸಾಲಾಗಿ ತಾಳೆ ನೋಡಿ. ಇನ್ನಷ್ಟು ಮತಗಟ್ಟೆಗಳಲ್ಲಿ ವ್ಯತ್ಯಾಸ ಕಂಡು ಮೊತ್ತ 312ನ್ನು ದಾಟಿದರೆ ಚಿತ್ರವೇ ಬೇರೆ. ಮಾಲೂರಿನ ಉದಾಹರಣೆ ನಿಮ್ಮ ಕಣ್ಣ ಮುಂದಿದೆ. 2023ರಲ್ಲಿ ಕೆ.ವೈ. ನಂಜೇಗೌಡರು ಅಲ್ಲಿ 248 ಮತಗಳಿಂದ ಗೆದ್ದಿದ್ದರು. ಎಣಿಕೆಯ ವಿಡಿಯೊವನ್ನು ಅಧಿಕಾರಿಗಳು ಹಾಜರುಪಡಿಸಲಾಗದೇ ಹೋದದ್ದು ವಿಚಾರಣೆಯಲ್ಲಿ ದೊಡ್ಡ ವಿಷಯವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅವರ ಆಯ್ಕೆಯನ್ನು ರದ್ದುಪಡಿಸಿ ಮರುಎಣಿಕೆಗೆ ಆದೇಶಿಸಿತು. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ರದ್ದತಿಗೆ ತಡೆ ಕೊಟ್ಟು, ಮರುಎಣಿಕೆ ನಡೆಯಲಿ, ಫಲಿತಾಂಶ ಮೊಹರಾದ ಲಕೋಟೆಯಲ್ಲಿ ಬರಲಿ ಎಂದಿತು.

ವಿಡಿಯೊ ಎಂದಾಗ ಒಂದು ತುರ್ತು ಮಾತು. 2025ರ ಮೇ ತಿಂಗಳಲ್ಲಿ ಆಯೋಗ ಕೊಟ್ಟ ಸೂಚನೆಯಂತೆ ಸಿಸಿಟಿವಿ, ವೆಬ್‌ಕಾಸ್ಟಿಂಗ್ ದೃಶ್ಯಗಳನ್ನು ಫಲಿತಾಂಶದ ನಂತರ ಉಳಿಸುವುದು 45 ದಿನ ಮಾತ್ರ; ತಕರಾರು ಅರ್ಜಿ ಬಾರದಿದ್ದರೆ ನಾಶಪಡಿಸಬಹುದು. ಅರ್ಜಿ ಸಲ್ಲಿಸಿದ ದಿನವೇ ಅದರ ವಿವರದೊಂದಿಗೆ ದೃಶ್ಯಗಳನ್ನು ಕಾಯ್ದಿಡುವಂತೆ ಜಿಲ್ಲಾ ಚುನಾವಣಾಧಿಕಾರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ, ನ್ಯಾಯಾಲಯದಿಂದಲೂ ಆದೇಶ ಕೇಳಿ.

ನಿಮ್ಮ ಕೈಯಲ್ಲಿರುವ ಗಟ್ಟಿ ಎಳೆ ಆಸ್ತಿ ಮರೆಮಾಚಿದ್ದು. 26ನೇ ನಮೂನೆಯ ಅಫಿಡವಿಟ್‌ನಲ್ಲಿ ಅಭ್ಯರ್ಥಿ ತನ್ನ, ಪತ್ನಿ ಅಥವಾ ಪತಿಯ ಮತ್ತು ಅವಲಂಬಿತರ ಆಸ್ತಿಯನ್ನು ಹೇಳಬೇಕು. ಗೆದ್ದವರ ನಾಮಪತ್ರವನ್ನೇ ಸ್ವೀಕರಿಸಬಾರದಿತ್ತು ಎಂದು ತೋರಿಸಿದರೆ ಮತಗಳ ಕೂಡು-ಕಳೆ ಲೆಕ್ಕ ಬೇಕಾಗುವುದಿಲ್ಲ. ನಾಮಪತ್ರವೇ ಬಿದ್ದರೆ ಅವರಿಗೆ ಬಂದ ಗೆಲುವೂ ಬಿದ್ದಂತೆ. ಹಾಸನದ 2019ರ ಲೋಕಸಭಾ ಚುನಾವಣೆಯಲ್ಲಿ ಪ್ರಜ್ವಲ್ ರೇವಣ್ಣ ಅವರ ಗೆಲುವಿನ ಅಂತರ ಒಂದು ಲಕ್ಷಕ್ಕಿಂತ ಹೆಚ್ಚು. ಸೋತ ಅಭ್ಯರ್ಥಿ ಎ. ಮಂಜು ಒಂದು ಅರ್ಜಿ, ಮತದಾರರಾಗಿ ದೇವರಾಜೇಗೌಡ ಇನ್ನೊಂದು ಅರ್ಜಿ ಹಾಕಿದರು. ಆಸ್ತಿ ವಿವರ ಮುಚ್ಚಿಟ್ಟದ್ದೂ ಸೇರಿದಂತೆ ಅಕ್ರಮಗಳ ಮೇಲೆ ಹೈಕೋರ್ಟ್ 2023ರ ಸೆಪ್ಟೆಂಬರ್ 1ರಂದು ಆ ಆಯ್ಕೆಯನ್ನು ಅಸಿಂಧುಗೊಳಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿತು, ಅದು ಬೇರೆ ಮಾತು.

ಆದರೆ ಬಿಟ್ಟುಹೋದ ಪ್ರತಿಯೊಂದು ವಸ್ತುವೂ ಚುನಾವಣೆಯನ್ನು ಬೀಳಿಸುವುದಿಲ್ಲ. ಅರುಣಾಚಲ ಪ್ರದೇಶದ ಕರಿಖೊ ಕ್ರಿ ಎಂಬ ಶಾಸಕರು ಕುಟುಂಬದ ಹೆಸರಿನಲ್ಲೇ ಉಳಿದಿದ್ದ ಒಂದು ಸ್ಕೂಟಿ, ಒಂದು ವ್ಯಾನ್, ಒಂದು ಬೈಕನ್ನು ತೋರಿಸಿರಲಿಲ್ಲ. ಕೈ ಬದಲಾಗಿದ್ದರೂ ನೋಂದಣಿ ಬದಲಾಗಿರಲಿಲ್ಲ. ಹೈಕೋರ್ಟ್ ಆಯ್ಕೆ ರದ್ದುಪಡಿಸಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಅಭ್ಯರ್ಥಿಗೂ ಖಾಸಗಿತನವಿದೆ, ಮತದಾರನ ತೀರ್ಮಾನದ ಮೇಲೆ ಪ್ರಭಾವ ಬೀರುವಷ್ಟು ಗಣನೀಯ ಆಸ್ತಿಯೇ ಎಂದು ನೋಡಬೇಕು ಎಂದಿತು. ನೀವು ಹೇಳುವ ನಿವೇಶನ, ಜಮೀನು ಸ್ಕೂಟಿಯ ಸಾಲಿಗೆ ಸೇರುವಂಥವಲ್ಲ. ನಾಳೆಯೇ ಉಪನೋಂದಣಾಧಿಕಾರಿ ಕಚೇರಿಯಿಂದ ಕ್ರಯಪತ್ರದ ದೃಢೀಕೃತ ನಕಲು ಮತ್ತು ಋಣಭಾರ ಪತ್ರ, ಜಮೀನಿಗೆ ಪಹಣಿ ಮತ್ತು ಮ್ಯುಟೇಶನ್, ನಿವೇಶನಕ್ಕೆ ಖಾತೆ ತೆಗೆಸಿ. ಅಫಿಡವಿಟ್ ಸಲ್ಲಿಸಿದ ದಿನಾಂಕದಂದು ಆಸ್ತಿ ಪತ್ನಿಯ ಹೆಸರಿನಲ್ಲೇ ಇತ್ತು ಎಂಬುದನ್ನು ಕಾಗದವೇ ಹೇಳಬೇಕು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಮಾರ್ಗಸೂಚಿ ಬೆಲೆ, ಅಫಿಡವಿಟ್‌ನ ಯಾವ ಕಾಲಂ ಖಾಲಿ ಇದೆ ಎಂಬುದು ಇಷ್ಟೂ ಅರ್ಜಿಯಲ್ಲಿ ಬರಲಿ. ‘ಬೇನಾಮಿ ಆಸ್ತಿ ಬೇಕಾದಷ್ಟಿದೆ’ ಎಂಬಂಥ ವಾಕ್ಯಗಳನ್ನು ವಕೀಲರು ಬರೆದುಕೊಟ್ಟರೆ ನೀವೇ ಹೊಡೆದುಹಾಕಿ.

ಹಣ ಹಂಚಿದ್ದು 123ನೇ ಸೆಕ್ಷನ್ ಪ್ರಕಾರ ಲಂಚ, ಅಂದರೆ ಭ್ರಷ್ಟ ಆಚರಣೆ. ಗೆದ್ದವರು ಅಥವಾ ಅವರ ಚುನಾವಣಾ ಏಜೆಂಟ್ ಅಥವಾ ಅವರ ಸಮ್ಮತಿಯಿಂದ ಬೇರೆಯವರು ಹಂಚಿದರು ಎಂದು ಸಾಬೀತಾದರೆ ಇಲ್ಲಿಯೂ ಅಂತರದ ಲೆಕ್ಕ ಕೇಳುವುದಿಲ್ಲ. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿ ಗೆದ್ದದ್ದು ಲಕ್ಷಕ್ಕೂ ಮೀರಿದ ಅಂತರದಿಂದ. ಸರ್ಕಾರಿ ನೌಕರರ ನೆರವು ಪಡೆದರು ಎಂಬ ಕಾರಣಕ್ಕೆ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ 1975ರ ಜೂನ್ 12ರಂದು ಆ ಆಯ್ಕೆಯನ್ನು ಅಸಿಂಧುಗೊಳಿಸಿದರು. ಮುಂದಿನದ್ದು ಚರಿತ್ರೆ, ಕಾಯ್ದೆಗೇ ತಿದ್ದುಪಡಿ ತಂದ ಮೇಲೆ ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಆ ತೀರ್ಪು ಬಿತ್ತು.

ಸೆಕ್ಷನ್ ಬಲವಾಗಿದ್ದಷ್ಟೇ ಪುರಾವೆಯ ಮಟ್ಟವೂ ಎತ್ತರ. ಭ್ರಷ್ಟ ಆಚರಣೆಯನ್ನು ಕ್ರಿಮಿನಲ್ ಆರೋಪದಂತೆ ಸಂಶಯಾತೀತವಾಗಿ ಸಾಬೀತುಪಡಿಸಬೇಕು. ಯಾರು, ಯಾರಿಗೆ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಬೀದಿಯಲ್ಲಿ, ಎಷ್ಟು ಕೊಟ್ಟರು, ಅದಕ್ಕೆ ಅಭ್ಯರ್ಥಿಯ ಸಮ್ಮತಿ ಇತ್ತು ಎನ್ನಲು ಏನು ಆಧಾರ? ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ವಿಡಿಯೊ ಇದ್ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಅದನ್ನು ಚಿತ್ರಿಸಿದವರು ಯಾರು, ಅವರ ಮೂಲ ಮೊಬೈಲ್ ಎಲ್ಲಿದೆ ಎಂದು ಹುಡುಕಿ. ಫೋನನ್ನು ಹಾಗೆಯೇ ಎತ್ತಿಡಲು ಹೇಳಿ. ಫಾರ್ವರ್ಡ್ ಮಾಡುವುದು, ಕತ್ತರಿಸುವುದು ಬೇಡ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಂತೆ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ಸಹಿತ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ ಇಂಥದ್ದೇ 65ಬಿ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿದ ಅರ್ಜುನ್ ಖೋತ್ಕರ್ ಪ್ರಕರಣ ಕೂಡ ಚುನಾವಣಾ ತಕರಾರೇ; ನಾಮಪತ್ರ ಸಲ್ಲಿಸುವ ಕೊಠಡಿಯ ವಿಡಿಯೊ ಅಲ್ಲಿ ಚರ್ಚೆಯ ವಸ್ತುವಾಗಿತ್ತು. ಹೆಸರು ಹೇಳಿ ಕಟಕಟೆಗೆ ಬರಬಲ್ಲ ಸಾಕ್ಷಿಗಳು ಇಬ್ಬರಾದರೂ ಸಿಗದಿದ್ದರೆ ಈ ಆರೋಪವನ್ನು ಕೈಬಿಡಿ ಎಂಬುದು ನನ್ನ ಸಲಹೆ. ದುರ್ಬಲ ಆರೋಪ ಗಟ್ಟಿ ಆರೋಪದ ಜೊತೆ ಸೇರಿದರೆ ಅದೂ ಗಟ್ಟಿಯಾಗುವುದಿಲ್ಲ, ಎದುರು ಪಾಟೀಸವಾಲಿನಲ್ಲಿ ಎರಡೂ ಸಡಿಲವಾಗುತ್ತವೆ.

ಏನನ್ನು ಕೇಳಬೇಕು ಎಂಬುದನ್ನೂ ಯೋಚಿಸಿ. ಗೆದ್ದವರ ಆಯ್ಕೆ ಅಸಿಂಧುವಾದರೆ ಎರಡನೆಯವರು ತಾನಾಗಿ ಶಾಸಕರಾಗುತ್ತಾರೆ ಎಂಬುದು ಜನರಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. ಭಾಲ್ಕಿಯ 1999ರ ಚುನಾವಣೆಯಿಂದ ಹುಟ್ಟಿದ ಖಂಡ್ರೆ ವಿರುದ್ಧ ಖಂಡ್ರೆ ಪ್ರಕರಣ ನೋಡಿ. ಪ್ರಕಾಶ್ ಖಂಡ್ರೆ ಅನರ್ಹರು ಎಂದು ಹೈಕೋರ್ಟ್ ಹೇಳಿ, ಎರಡನೇ ಸ್ಥಾನದ ಡಾ. ವಿಜಯಕುಮಾರ್ ಖಂಡ್ರೆ ಅವರನ್ನು ವಿಜೇತರೆಂದು ಘೋಷಿಸಿತು. ಕಣದಲ್ಲಿ ಇಬ್ಬರಿಗಿಂತ ಹೆಚ್ಚು ಜನರಿದ್ದಾಗ ಅನರ್ಹರಿಗೆ ಬಿದ್ದ ಮತಗಳು ಯಾರಿಗೆ ಹೋಗುತ್ತಿದ್ದವು ಎಂದು ಹೇಳಲಾಗದು ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಆ ಘೋಷಣೆಯನ್ನು ರದ್ದುಪಡಿಸಿತು. ಮೇಲಾಗಿ ಚಿಕ್ಕಪ್ಪನವರನ್ನು ವಿಜೇತರೆಂದು ಘೋಷಿಸಿ ಎಂದು ಕೇಳಿದ ಕ್ಷಣವೇ, 97ನೇ ಸೆಕ್ಷನ್ ಪ್ರಕಾರ ಅವರ ಚುನಾವಣೆಯನ್ನೂ ಜಾಲಾಡುವ ಹಕ್ಕು ಎದುರಾಳಿಗೆ ಬರುತ್ತದೆ. ಹಾಸನದ ಪ್ರಕರಣದಲ್ಲಿ ತಮ್ಮನ್ನು ವಿಜೇತರೆಂದು ಘೋಷಿಸಬೇಕೆಂದು ಕೇಳಿದ್ದ ಎ. ಮಂಜು ಅವರಿಗೆ ಅದು ಸಿಗಲಿಲ್ಲ; ಅವರ ಕಡೆಯಿಂದಲೂ ಅಕ್ರಮ ನಡೆದಿದೆ ಎಂದಿತು ಹೈಕೋರ್ಟ್. ಆಯ್ಕೆ ಅಸಿಂಧು ಎಂಬ ಒಂದೇ ಪರಿಹಾರ ಕೇಳಿದರೆ ಪ್ರತಿವಾದಿಗಳೂ ಕಡಿಮೆ, ಅಪಾಯವೂ ಕಡಿಮೆ. ಗೆದ್ದರೆ ಮತ್ತೆ ಚುನಾವಣೆ.

ಅರ್ಜಿ ಹಾಕಿದ ಮಾತ್ರಕ್ಕೆ ಗೆದ್ದವರ ಪ್ರಮಾಣವಚನ ನಿಲ್ಲುವುದಿಲ್ಲ, ಅವರು ಸದನದಲ್ಲಿ ಕೂರುತ್ತಾರೆ. ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅದು ಆಶಯ. ತುಮಕೂರು ಗ್ರಾಮಾಂತರದ 2018ರ ಚುನಾವಣೆಯಲ್ಲಿ ನಕಲಿ ವಿಮಾ ಬಾಂಡ್ ಹಂಚಿದ ಆರೋಪದ ಮೇಲೆ ಡಿ.ಸಿ. ಗೌರಿಶಂಕರ್ ಅವರ ಆಯ್ಕೆಯನ್ನು ಹೈಕೋರ್ಟ್ ಅಸಿಂಧುಗೊಳಿಸಿದ್ದು 2023ರ ಮಾರ್ಚ್ 30ರಂದು. ಅದರ ಹಿಂದಿನ ದಿನವಷ್ಟೇ ಮುಂದಿನ ವಿಧಾನಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾಗಿತ್ತು! ಮುಂಬೈಯ ಸಾಂತಾಕ್ರೂಜ್‌ನ 1990ರ ಚುನಾವಣೆಯಿಂದ ಎದ್ದ ಅಭಿರಾಂ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಂದು ಕಾನೂನು ಪ್ರಶ್ನೆಗೆ ಉತ್ತರ ಕೊಟ್ಟದ್ದು 2017ರಲ್ಲಿ. ನಿಮ್ಮದು ಉಪಚುನಾವಣೆ, ಉಳಿದ ಅವಧಿಯೇ ಕಡಿಮೆ. ಗೆದ್ದರೂ ಸೀಟಿನ ರೂಪದಲ್ಲಿ ಏನೂ ಸಿಗದೇ ಇರಬಹುದು ಎಂಬುದನ್ನು ಚಿಕ್ಕಪ್ಪನವರಿಗೆ ಮೊದಲೇ ಹೇಳಿಬಿಡಿ. ಭ್ರಷ್ಟ ಆಚರಣೆ ಸಾಬೀತಾದರೆ ಆರು ವರ್ಷದವರೆಗೆ ಅನರ್ಹತೆಗೆ ದಾರಿಯಾಗುತ್ತದೆ. ಕೆಲವರು ಹೋರಾಡುವುದು ಅದಕ್ಕಾಗಿಯೇ. ನಡುವೆ ರಾಜಿಯಾಗಿ ಅರ್ಜಿ ಹಿಂಪಡೆಯೋಣ ಎಂದರೂ ನ್ಯಾಯಾಲಯದ ಅನುಮತಿ ಬೇಕು, ನಿಮ್ಮ ಜಾಗಕ್ಕೆ ಬೇರೊಬ್ಬರು ಬಂದು ಮುಂದುವರಿಸಲೂಬಹುದು. ಇದು ಎರಡು ಮನೆಗಳ ವ್ಯಾಜ್ಯವಲ್ಲ, ಇಡೀ ಕ್ಷೇತ್ರದ್ದು ಎಂಬುದು ಕಾನೂನಿನ ನಿಲುವು. ಹೈಕೋರ್ಟ್ ತೀರ್ಪಿನ ವಿರುದ್ಧ 30 ದಿನಗಳೊಳಗೆ ನೇರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ.

ಕೊನೆಯದಾಗಿ ಗ್ರಾಮ ಪಂಚಾಯಿತಿ. ಅದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ 15ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಅಭ್ಯರ್ಥಿ ಅಥವಾ ಮತದಾರ ಯಾರೂ ಅರ್ಜಿ ಹಾಕಬಹುದು. ಕಾಲಮಿತಿ ಮಾತ್ರ ಇನ್ನೂ ಬಿಗಿ, ಫಲಿತಾಂಶ ಘೋಷಣೆಯಾದ ದಿನದಿಂದ 30 ದಿನ. ವಿಧಾನಸಭೆಯ 45 ದಿನಗಳನ್ನು ತಲೆಯಲ್ಲಿಟ್ಟುಕೊಂಡು 35ನೇ ದಿನ ತಾಲ್ಲೂಕು ನ್ಯಾಯಾಲಯದ ಬಾಗಿಲಿಗೆ ಬಂದರೆ ಅಲ್ಲಿಯೂ ಮಾಡಬಹುದಾದದ್ದು ಏನೂ ಇರುವುದಿಲ್ಲ.